ಶಶಿರೇಖಾ ಮೇಡಂ ಮತ್ತು ಅವರ ಮೂವರು

ಗುಂಡ್ಲುಪೇಟೆಯ ನಮ್ಮ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಮಾಡುವ ಶಶಿರೇಖಾ ಯಾರಿಗೂ ಕೆಟ್ಟದ್ದು ಬಯಸಿದವರಲ್ಲ. ಹರದನಹಳ್ಳಿಯ ರೈತರ ಮನೆ ಮಗಳು, ಒಂಟಿ ಜೀವ. ಚಾಮರಾಜನಗರದಿಂದ ದಿನಾ ಬಸ್ಸಿನಲ್ಲಿ ಹಳೆಯ ಗಾಥಿಕ್ ಕಾದಂಬರಿ ಓದುತ್ತಾ ಬರುವರು. ಪಾಳು ಕೋಟೆ, ಬೀಗ ಹಾಕಿದ ಕೋಣೆ, ಗೋಡೆಯೊಳಗಿನ ನರಳಾಟ. ಕಾಮರ್ಸ್ ಮೇಷ್ಟ್ರಾದ ನನಗೆ ಅದೆಲ್ಲ ಹೊಟ್ಟೆ ತುಂಬಿದವರ ಭಯ. ಹಾಗಂತ ರೇಗಿಸುತ್ತಲೂ ಇದ್ದೆ.

ಆಮೇಲೆ ಹುಡುಗರು ಮೊಬೈಲಿನಲ್ಲಿ ನೋಡಿ ‘ಡಾರ್ಕ್ ಅಕಾಡೆಮಿಯಾ’ ಅನ್ನೋ ಫ್ಯಾಷನ್ ಶುರು ಮಾಡಿದರು. ಕಪ್ಪು ಕೋಟು, ಮೇಣದಬತ್ತಿ, ಹಳೇ ಪುಸ್ತಕ. ಮೇಡಂಗೆ ಖುಷಿಯೋ ಖುಷಿ.

“ಎರಡೂ ಒಂದೇ ಕಣ್ ಸಾರ್. ಆಗ ಕೋಟೆ, ಈಗ ಕಾಲೇಜು. ಆಗ ಹುಡುಗೀನ ಒಳಗೆ ಕೂಡಾಕ್ತಿದ್ರು. ಈಗ ಅವ್ಳೇ ಬಂದು ಒಳಗೆ ಬುಡಿ ಅಂತಾಳೆ.”

“ಒಳಗೇನಿರುತ್ತೆ ಮೇಡಂ?”

“ಅದೇ, ಹಳೇದೇ,” ಎಂದು ನಕ್ಕರು. ಆ ನಗು ನನಗೆ ಹಿಡಿಸಲಿಲ್ಲ.

ಮೇಡಂ ಮೂವರು ವಿದ್ಯಾರ್ಥಿಗಳನ್ನು ಆರಿಸಿ ಓದುವ ಕೂಟ ಕಟ್ಟಿದರು. ಸಂಜೆ ಲೈಬ್ರರಿ ಪಕ್ಕದ ಕೋಣೆಯಲ್ಲಿ ಕಿಟಕಿ ಮುಚ್ಚಿ ಓದು. ಮೂವರೂ ಬರಬರುತ್ತಾ ಉಳಿದವರ ಜೊತೆ ಮಾತೇ ಬಿಟ್ಟರು. ಚಂದಕವಾಡಿಯ ಕೂಲಿಕಾರ ಚೆಲುವಯ್ಯನ ಮಗಳು, ಅವರದೇ ತರಗತಿಯ ಶಿವರಂಜಿನಿ ಹೊರಗೆ ನಿಂತು ಕೇಳಿಸಿಕೊಳ್ಳುವಳು. ನೋಡಿದರೆ ಸಂಕಟವಾಗುತ್ತಿತ್ತು. ಅವಳನ್ನೂ ಸೇರಿಸಿಕೊಳ್ಳಿ ಅಂದೆ.

“ಅದು ಆ ಮೂವರಿಗೆ ಬುಟ್ಟಿದ್ದು ಸಾರ್,” ಎಂದರು.

ಕಳೆದ ಡಿಸೆಂಬರಿನಲ್ಲಿ ಹುಡುಗರನ್ನು ಗೋಪಾಲಸ್ವಾಮಿ ಬೆಟ್ಟಕ್ಕೆ ಕರೆದುಕೊಂಡು ಹೋದೆವು. ಸ್ವಂತ ಗಾಡಿ ಮೇಲಕ್ಕೆ ಬಿಡುವುದಿಲ್ಲ, ಸರ್ಕಾರಿ ಬಸ್ಸೇ ಗತಿ. ಕೊನೆಯ ಬಸ್ಸು ಇಳಿದ ಮೇಲೆ ಬೆಟ್ಟ ಆನೆಗಳದು. ನಾವು ಅದರಲ್ಲೇ ಕೆಳಗಿಳಿದು ನೋಡಿದರೆ ಶಿವರಂಜಿನಿ ಇಲ್ಲ. ಮತ್ತೆ ಬಸ್ಸು ಹತ್ತಿ ಸೀಟು ಸೀಟು ಹುಡುಕಿದೆ.

“ಎಲ್ಲಮ್ಮಿ ಅವ್ಳು?” ಮೇಡಂ ಮೂವರಲ್ಲೊಬ್ಬಳಾದ ಭಾಗ್ಯಳ ತೋಳು ಹಿಡಿದು ಅಲ್ಲಾಡಿಸಿದರು.

“ಕೊನೇ ಬಸ್ ಹತ್ದೆ ಬೆಟ್ಟದ ಮೇಲೆ ಒಬ್ಳೇ ಇದ್ರೆ ಕೂಟಕ್ಕೆ ಸೇರಿಸ್ಕತೀವಿ ಅಂದ್ವಿ,” ಎಂದಳು ಭಾಗ್ಯ ತಣ್ಣಗೆ. “ಭಯ ಗೊತ್ತಿಲ್ದೋರಿಗೆ ಈ ಪುಸ್ತಕ ಅರ್ಥ ಆಗಲ್ಲ ಅಂತ ನೀವೇ ಹೇಳಿದ್ರಲ್ಲ ಮೇಡಂ.”

ಅರಣ್ಯ ಇಲಾಖೆಯ ಜೀಪು ಮೇಲಕ್ಕೆ ಹೋಯಿತು. ಮಂಜು ಇಳಿಯುತ್ತಿತ್ತು. ಮೇಲೆಲ್ಲೋ ಆನೆ ಘೀಳಿಟ್ಟಿತು. ಮೇಡಂ ‘ಮಾದಪ್ಪಾ, ಮಾದಪ್ಪಾ’ ಎನ್ನುತ್ತಾ ರಸ್ತೆಯಲ್ಲೇ ಕುಸಿದು ಕೂತರು.

ಜೀಪು ವಾಪಸು ಬಂದಾಗ ಶಿವರಂಜಿನಿ ಇಳಿದಳು. ಮೊಣಕಾಲಲ್ಲಿ ರಕ್ತ. ಮೇಡಂ ಅಳುತ್ತಾ ಓಡಿಹೋಗಿ ತಬ್ಬಿಕೊಂಡರು.

“ನಡಿ ಕಣಮ್ಮಿ, ನಿಮ್ಮಪ್ಪನ ಅತ್ರಕ್ಕೆ ಹೋಗನ.”

“ಈಗ ನನ್ನೂ ಸೇರಿಸ್ಕತೀರಾ ಮೇಡಂ?”

“ಕೂಟಾನೂ ಇಲ್ಲ, ಏನೂ ಇಲ್ಲ. ಇವತ್ತಿಗೆ ಮುಗಿಸ್ಬುಟ್ಟೆ ಕಣವ್ವ.”

ಹುಡುಗಿ ಅವರ ಕೈ ಬಿಡಿಸಿಕೊಂಡು, ಕುಂಟುತ್ತಾ ಹೋಗಿ ಆ ಮೂವರ ಪಕ್ಕ ನಿಂತಳು. ಭಾಗ್ಯ ಅವಳ ಹೆಗಲ ಮೇಲೆ ಕೈ ಹಾಕಿದಳು.

“ನೀವು ಇಲ್ದಿದ್ರೂ ಕೂಟ ನಡೀತದೆ ಮೇಡಂ,” ಎಂದಳು ಭಾಗ್ಯ.