ಚರ್ಚಿನ ಅಡುಗೆಮನೆ ಬಾಗಿಲು

ಗ್ಯಾಲ್ವೆಸ್ಟನ್ ದ್ವೀಪದ ಆ ಲೂಥರನ್ ಚರ್ಚನ್ನು ಮೊದಲ ಸಲ ನೋಡಿದಾಗ ಯಾವುದೋ ಬ್ಯಾಂಕು ಅಂದುಕೊಂಡಿದ್ದೆ. ಗೋಪುರ ಇಲ್ಲ, ಗಂಟೆ ಇಲ್ಲ. ಬಿರುಗಾಳಿ ಬಂದರೆ ಸಮುದ್ರ ಒಳಗೆ ನುಗ್ಗುತ್ತೆ ಅಂತ ಕಾಂಕ್ರೀಟ್ ಕಂಬಗಳ ಮೇಲೆ ಎತ್ತಿ ಕಟ್ಟಿದ್ದಾರೆ. ನನ್ನನ್ನು ಅಲ್ಲಿಗೆ ಕರೆದುಕೊಂಡು ಹೋದವರು ಪಕ್ಕದ ಮನೆಯ ಅಮೆರಿಕನ್ ದಂಪತಿ, ನಾನು ಆಂಟಿ, ಅಂಕಲ್ ಅಂತ ಕರೆಯುತ್ತಿದ್ದವರು. ಕನ್ನಡದವರು ಬೇಕು ಅಂದರೆ ಸೇತುವೆ ದಾಟಿ ಕ್ಲಿಯರ್ ಲೇಕ್ ಅನ್ನೋ ಊರಿನವರೆಗೆ ಡ್ರೈವ್ ಮಾಡಬೇಕಿತ್ತು. ದ್ವೀಪದಲ್ಲಿ ನನಗೆ ಇವರೇ ನಮ್ಮವರು. ಚರ್ಚಿನ ಭಾನುವಾರದ ಊಟಕ್ಕೆ ಚಿತ್ರಾನ್ನ ಒಯ್ದರೆ ಅಂಕಲ್ ಮೂರು ಸಲ ಹಾಕಿಸಿಕೊಂಡು ಆಂಟಿಯ ಹತ್ತಿರ ಬೈಸಿಕೊಳ್ಳುತ್ತಿದ್ದರು.

ಆಂಟಿ ತೀರಿಕೊಂಡಾಗ ಪ್ರಾರ್ಥನೆ, ಊಟ ಎಲ್ಲ ಆ ಚರ್ಚಿನಲ್ಲೇ ಆಯಿತು. ಆಮೇಲೆ ಅಂಕಲ್ ಬಾಗಿಲಲ್ಲಿ ನಿಂತು, ಹೊರಟವರ ಕೈ ಹಿಡಿದು ಒಬ್ಬೊಬ್ಬರನ್ನೇ ಕಳಿಸಿಕೊಡತೊಡಗಿದರು. ನನಗೆ ದಿಗಿಲಾಯಿತು. ಸಾವಾದ ಕಡೆ ‘ಹೋಗಿ ಬರ್ತೀನಿ’ ಅನ್ನಬಾರದು, ಸುಮ್ಮನೆ ಎದ್ದು ಬರಬೇಕು ಅಂತ ಅಮ್ಮ ಚಿಕ್ಕಂದಿನಿಂದ ತಲೆಗೆ ತುಂಬಿದ್ದಳು. ಅಡುಗೆಮನೆ ಬಾಗಿಲಿಂದ ಮೆಟ್ಟಿಲಿಳಿದು ಜಾರಿಕೊಂಡೆ. ಮನೆಗೆ ಬಂದು ತಲೆಗೆ ಸ್ನಾನ ಬೇರೆ, ಮಹಾ ಮಡಿವಂತೆ! ಅವತ್ತು ಸಂಜೆಯೇ ಅವರ ಮಗಳು ಅಂಕಲ್‌ರನ್ನು ಡಲ್ಲಾಸ್‌ನ ತನ್ನ ಮನೆಗೆ ಕರೆದುಕೊಂಡು ಹೋದಳು.

ತಿಂಗಳಾದ ಮೇಲೆ ಚರ್ಚಿನ ಪಾಸ್ಟರ್ ಸಿಕ್ಕರು. “ಫೋನ್ ಮಾಡಿದಾಗಲೆಲ್ಲ ನಿಮ್ಮ ಅಂಕಲ್ ನಿಮ್ಮನ್ನೇ ಕೇಳ್ತಿರ್ತಾರೆ. ನನ್ನಿಂದೇನು ತಪ್ಪಾಯ್ತು, ಮಾತೂ ಆಡದೆ ಹೋದಳಲ್ಲ ಅಂತಾರೆ” ಅಂದರು.

ಅಯ್ಯೋ, ನನ್ನ ಶಾಸ್ತ್ರಕ್ಕಿಷ್ಟು ಬೆಂಕಿ ಹಾಕ! ಕೆಟ್ಟ ಮೇಲೆ ಬುದ್ಧಿ ಬಂತು. ಶನಿವಾರ ಐದು ಗಂಟೆ ಡ್ರೈವ್ ಮಾಡಿ ಡಲ್ಲಾಸ್‌ಗೆ ಹೋದೆ. ಮಗಳ ಮನೆಯಲ್ಲಿ ಅಂಕಲ್ ಕಿಟಕಿಯ ಪಕ್ಕ ಕೂತಿದ್ದರು, ತುಂಬಾ ಇಳಿದುಹೋಗಿದ್ದರು. ಎಲ್ಲ ಬಿಡಿಸಿ ಹೇಳಿದೆ. ಬರ್ತೀನಿ ಅಂದರೆ ಇನ್ನೊಂದು ಸಾವಿಗೆ ಬರ್ತೀನಿ ಅಂದ ಹಾಗೆ, ನಿಮಗೆ ಕೆಟ್ಟದಾಗಬಾರದು ಅಂತಲೇ ಹಾಗೆ ಮಾಡಿದೆ ಅಂದೆ.

ಅವರು ಕಿಟಕಿ ಬಿಟ್ಟು ಕುರ್ಚಿಯನ್ನು ನನ್ನ ಕಡೆ ತಿರುಗಿಸಿಕೊಂಡರು.

“ಒಬ್ಬನೇ ಇರಬೇಡ, ಹೊರಡು ಅಂತ ಮಗಳು ಹಟ ಹಿಡಿದಿದ್ದಳು. ನೀನೊಂದು ಸಲ ‘ನಾಳೆ ಬರ್ತೀನಿ’ ಅಂದಿದ್ದರೆ ಸಾಕಿತ್ತು, ನೋಡು, ನನಗೂ ಜನ ಇದ್ದಾರೆ ಅಂತ ಅವಳಿಗೆ ಹೇಳಿ ಅಲ್ಲೇ ಉಳೀತಿದ್ದೆ. ಅದಕ್ಕೇ ಆ ಬಾಗಿಲಲ್ಲಿ ಕೊನೇವರೆಗೂ ಕಾದೆ” ಅಂದರು.

ನನಗೆ ಅಳು ತಡೆಯಲಾಗಲಿಲ್ಲ. ಹೊರಡುವಾಗ ಅವರ ಕೈ ಹಿಡಿದು “ಹೋಗಿ ಬರ್ತೀನಿ ಅಂಕಲ್” ಅಂದೆ, ಎರಡು ಸಲ ಅಂದೆ. ದ್ವೀಪದ ಅವರ ಮನೆ ಅಷ್ಟರಲ್ಲಿ ಮಾರಾಟವಾಗಿತ್ತು.