ಅವ್ವ ಕೂತು ನೋಡಿದ ಕಾರು

ಮೊನ್ನೆ ಕಡೂರಿನ ಪೆಟ್ರೋಲ್ ಬಂಕಿನಲ್ಲಿ ಪಕ್ಕದ ಕಾರಿನ ಗಾಜು ಇಳಿಯಿತು. ಒಳಗಿನಿಂದ ಆ ವಾಸನೆ ಬಂತು. ನಿಮಗೂ ಗೊತ್ತಿರುತ್ತದೆ. ಸ್ಟೇರಿಂಗ್ ಪಕ್ಕ ಪುಟ್ಟ ಬಾಟಲಿ ಅಂಟಿಸಿರುತ್ತಾರಲ್ಲ, ನಿಂಬೆಯೂ ಅಲ್ಲದ ಮಲ್ಲಿಗೆಯೂ ಅಲ್ಲದ ಸೆಂಟು. ಬೇರೆಯವರಿಗೆ ಅದು ಕಾರಿನ ವಾಸನೆ. ನನಗೆ ಅದು ಮೂಗಿಗೆ ಬಿದ್ದರೆ ಸಾಕು, ಗಾಡಿ ನಿಲ್ಲಿಸು, ಅವ್ವನನ್ನು ಇಳಿಸು ಅಂತ ಕಾಲು ತಾನಾಗಿ ಬ್ರೇಕಿಗೆ ಹೋಗುತ್ತದೆ. ಮೊನ್ನೆಯೂ ಹೋಯಿತು. ನಿಂತ ಗಾಡಿಗೆ ಬ್ರೇಕ್ ಒತ್ತಿದ್ದೆ. ಅವ್ವ ಜೊತೆಯಲ್ಲಿ ಇರಲೂ ಇಲ್ಲ.

ನಾನು ಓದಿದವನಲ್ಲ. ಹತ್ತನೇ ಕ್ಲಾಸು ನನ್ನನ್ನು ದಾಟಿಸಲಿಲ್ಲ. ಚೌಳಹಿರಿಯೂರಿನ ಹತ್ತಿರ ನಮ್ಮದು ಒಂದಿಷ್ಟು ತೆಂಗು, ಅದರ ಜೊತೆಗೆ ನನ್ನದೊಂದು ಸಣ್ಣ ಗೂಡ್ಸ್ ಗಾಡಿ. ಊರವರ ಕಾಯಿ ತುಂಬಿಕೊಂಡು ಕಡೂರು, ಬೀರೂರು, ತರೀಕೆರೆ ಅಂತ ತಿರುಗುತ್ತೇನೆ. ತುಂಬಿದ್ದರೆ ಅದು ಓಡುವುದಿಲ್ಲ, ಖಾಲಿ ಇದ್ದರೆ ಕುಣಿಯುತ್ತದೆ. ಹೈವೇಯಲ್ಲಿ ಯಾವನಾದರೂ ನನ್ನನ್ನು ಹಿಂದೆ ಹಾಕಿ ಹೋದರೆ ಅವತ್ತು ನನಗೆ ಊಟ ಸೇರುತ್ತಿರಲಿಲ್ಲ. ಹಿಂದೆ ಹಾಕದವರೇ ಇರಲಿಲ್ಲ, ಅದು ಬೇರೆ ಮಾತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ನೆಲಕ್ಕೆ ಅಂಟಿಕೊಂಡು ಓಡುವ ಒಂದು ಸ್ಪೋರ್ಟ್ಸ್ ಕಾರು ಬೇಕು ಅಂತ ತಲೆಗೆ ಹತ್ತಿತು. ಹತ್ತಿದ್ದು ಇಳಿಯಲಿಲ್ಲ.

ತರೀಕೆರೆಯಲ್ಲಿ ಟಿಂಕರಿಂಗ್ ಅಂಗಡಿ ಇಟ್ಟಿರುವ ಸಲೀಂ ನನ್ನ ಗೆಳೆಯ. ಅವನಿಗೆ ಹೇಳಿದೆ.

"ಲೇ, ಹೊಸಾ ಸ್ಪೋರ್ಟ್ಸ್ ಕಾರಿಗೆ ನಿನ್ ತೋಟ ಸಾಲಲ್ಲ ಕಣೋ, ಊರೋರ್ ತೋಟಾನೂ ಮಾರ್ಬೇಕು," ಅಂದ. "ಹಳೇದು ತಗ. ಇಂಜಿನ್ ಗಟ್ಟಿ ಇರ್ಬೇಕು, ಸಾಮಾನು ಬೀರೂರಲ್ಲೇ ಸಿಗ್ಬೇಕು, ಹೋದ್ ಕಡೆ ನಿಂತ್ಕಬಾರ್ದು. ಮಿಕ್ಕಿದ್ದು ನಾನ್ ಮಾಡ್ಕೊಡ್ತೀನಿ."

ಮಿಕ್ಕಿದ್ದು ಅಂದರೆ ಅಗಲ ಚಕ್ರ, ಗುಡುಗುವ ಸೈಲೆನ್ಸರು, ಹಿಂದೆ ಒಂದು ರೆಕ್ಕೆ. ಅವನ ಅಂಗಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಇಬ್ಬರೂ ಸೇರಿ ಕಾರಿನ ಚಿತ್ರ ಬರೆದೆವು. ಚಾ ಕೊಡಲು ಬಂದವನು ನೋಡಿ, ಆಮೆ ಚೆನ್ನಾಗಿದೆ ಅಂದ.

ಉಳಿದಿದ್ದು ಅವ್ವ. ಅವ್ವನ ವಿಷಯ ಹೇಳಬೇಕು. ಚಕ್ರ ಇರುವ ಯಾವುದರಲ್ಲಿ ಕೂರಿಸಿದರೂ ಅವಳಿಗೆ ವಾಂತಿ. ನಿಂಬೆಹಣ್ಣು ಮೂಸಿದಳು, ಹುಣಸೆಹಣ್ಣು ಚೀಪಿದಳು, ಯಾರೋ ಹೇಳಿದರು ಅಂತ ಹೊಟ್ಟೆಗೆ ನ್ಯೂಸ್‌ಪೇಪರ್ ಕಟ್ಟಿಕೊಂಡಳು. ಪೇಪರೂ ಹಾಳು. ರೈಲಿನಲ್ಲಿ ಮಾತ್ರ ಏನೂ ಆಗುವುದಿಲ್ಲ. ಗೂಡ್ಸ್ ಗಾಡಿಯ ಹಿಂದೆ, ಗಾಳಿಗೆ ಮುಖ ಕೊಟ್ಟು, ಕಾಯಿ ಚೀಲದ ಮೇಲೆ ಕೂತು ಕಡೂರಿಗೂ ಬರುತ್ತಾಳೆ. ಆದರೆ ಅವಳ ಅಕ್ಕ, ನಮ್ಮ ದೊಡ್ಡವ್ವ, ಇದ್ದದ್ದು ಲಿಂಗದಹಳ್ಳಿಯಲ್ಲಿ. ಅಲ್ಲಿಗೆ ರೈಲಿಲ್ಲ. ದೊಡ್ಡವ್ವನಿಗೆ ಲಕ್ವ ಹೊಡೆದು ಒಂದು ಕಡೆ ಬಿದ್ದುಹೋಗಿತ್ತು. ಅವ್ವ ನೋಡಲು ಹೋಗಿರಲಿಲ್ಲ.

"ನನ್ ಗಾಡೀಲೇ ಬಾರವ್ವ," ಅಂದಿದ್ದೆ.

"ಅಕ್ಕನ್ ಊರಿಗೆ ಕಾಯಿ ಚೀಲದ್ ಮೇಲೆ ಕೂತ್ಕಂಡ್ ಹೋಗ್ಲೇನೋ? ಬೀಗ್ರು ನೋಡುದ್ರೆ ಏನಂದಾರು?"

ಈಗ ನಾನು ಗಾಳ ಹಾಕಿದೆ. ಕಾರು ತಗೊಂಡರೆ ದೊಡ್ಡವ್ವನ ಮನೆಗೆ ಕರೆದುಕೊಂಡು ಹೋಗುತ್ತೇನೆ ಅಂದೆ. ಅವ್ವ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಲಿಲ್ಲ.

"ಯಾವ್ದಾದ್ರೂ ತಗ. ನಾನ್ ಕೂತ್ ನೋಡ್ದೇ ಇರೋ ಗಾಡಿ ಮನೆ ಮುಂದೆ ಬರಂಗಿಲ್ಲ."

ಸ್ಪೋರ್ಟ್ಸ್ ಕಾರು ನೋಡಲು ಅವ್ವನನ್ನು ಕರೆದುಕೊಂಡು ಹೋದವನು ಈ ಜಿಲ್ಲೆಯಲ್ಲಿ ನಾನೊಬ್ಬನೇ ಇರಬೇಕು.

ಮೊದಲನೆಯದು ಕಡೂರಿನ ಒಬ್ಬ ಕಂಟ್ರಾಕ್ಟರದು. ಬಿಳಿ, ಉದ್ದ, ಒಳಗೆ ಮೆತ್ತೆ, ಆ ಸೆಂಟಿನ ಬಾಟಲಿ. ಹಳೇ ಗಾಡಿಯನ್ನು ಇಂಜಿನ್ ತಣ್ಣಗಿರುವಾಗ ನೋಡಬೇಕು. ಮೊದಲೇ ಬಿಸಿ ಮಾಡಿಟ್ಟಿದ್ದರೆ ಏನೋ ಮುಚ್ಚಿಡುತ್ತಿದ್ದಾರೆ ಅಂತ ಅರ್ಥ. ಸಲೀಂ ಬಾನೆಟ್ ಮೇಲೆ ಕೈಯಿಟ್ಟು ನನಗೆ ಕಣ್ಣು ಮಿಟುಕಿಸಿದ. ಬಿಸಿ ಇತ್ತು. ಅಷ್ಟು ಹೊತ್ತಿಗೆ ಅವ್ವ ಕೂತಾಗಿತ್ತು. ಬೀರೂರು ಮುಟ್ಟುವ ಮೊದಲೇ, ಗಾಜಿನಿಂದ ತಲೆ ಹೊರಗೆ ಹಾಕಿ, ಬಿಳೀ ಬಾಗಿಲ ತುಂಬ.

"ಏನಮ್ಮಾ, ಮೊದ್ಲೇ ಹೇಳ್ಬಾರ್ದಿತ್ತಾ?" ಅಂದರು ಕಂಟ್ರಾಕ್ಟರು.

ಅವ್ವ ಸೆರಗಿನಲ್ಲಿ ಬಾಯಿ ಒರೆಸಿಕೊಂಡಳು. "ಬಾಯ್ ತೆಗುದ್ರೆ ಬಂದ್ಬಿಡದು. ಹೆಂಗಪ್ಪಾ ಹೇಳ್ಲಿ?"

ಎರಡನೆಯದು ತರೀಕೆರೆಯದು. ಕಪ್ಪು ಗಾಜು, ಎದೆಗೆ ಗುದ್ದುವ ಹಾಡು. ನನಗೆ ಇಷ್ಟವಾಯಿತು. ಮೊದಲನೇ ರೋಡ್ ಹಂಪಿನಲ್ಲೇ ಅವ್ವ ಬಾಗಿಲು ತೆಗೆದು ಇಳಿದಳು. "ನೀವ್ ಹೋಗ್ರಪ್ಪಾ, ನಾನ್ ನಡ್ಕಂಡ್ ಬತ್ತೀನಿ." ಮುಂದೆ ಅವ್ವ, ಹಿಂದೆ ಉರುಳುತ್ತಾ ಕಾರು. ಅಂಗಡಿಯವರೆಲ್ಲ ನಾವು ಮನೆಯಲ್ಲಿ ಜಗಳ ಮಾಡಿಕೊಂಡು ಬಂದಿದ್ದೇವೆ ಅಂದುಕೊಂಡರು.

ಆ ವಾರ ದೊಡ್ಡವ್ವನ ಮಗ ಫೋನ್ ಮಾಡಿದ. "ಅವ್ವಂಗೆ ಮಾತು ಹಿಡ್ಕಂತಾ ಐತೆ. ಚಿಕ್ಕವ್ವ, ನೀನ್ ಯಾವಾಗ್ ಬತ್ತೀಯ ಅಂತ ಕೇಳ್ತಾಳೆ. ಇನ್ ಸ್ವಲ್ಪ ದಿನಕ್ಕೆ ಕೇಳೋಕೂ ಆಗಲ್ವೇನೋ." ಅವ್ವ ಫೋನ್ ಕೆಳಗಿಟ್ಟು, ಆಗಲೇ ತೊಳೆದಿಟ್ಟಿದ್ದ ಪಾತ್ರೆ ತೆಗೆದು ಮತ್ತೆ ತಿಕ್ಕತೊಡಗಿದಳು. ಮಾರನೇ ದಿನ ಹೇಳದೆ ಕೇಳದೆ ಬಸ್ಸು ಹತ್ತಿದಳಂತೆ. ಕಂಡಕ್ಟರು ದಾರಿಯಲ್ಲಿ ಇಳಿಸಿ, ಎದುರಿನಿಂದ ಬಂದ ನನ್ನ ಗೂಡ್ಸ್ ಗಾಡಿಗೆ ಕೈ ಅಡ್ಡ ಹಾಕಿದ. ಅವ್ವನ ಮುಖ ಸುಣ್ಣದಂತಿತ್ತು. ಹಿಂದೆ ಚೀಲದ ಮೇಲೆ ಹತ್ತಿ ಕೂತಳು.

ಮೂರನೆಯದು ಅಜ್ಜಂಪುರದಲ್ಲಿತ್ತು. ರೈಲಿನಲ್ಲೇ ಹೋದೆವು. ಈರುಳ್ಳಿ ವ್ಯಾಪಾರದ ಮನೆಯ ಹುಡುಗನದು, ಎಸ್ಟೇಟ್ ರಸ್ತೆಗಳ ರೇಸಿನಲ್ಲಿ ಓಡಿಸುತ್ತಿದ್ದನಂತೆ, ಮದುವೆಯಾದ ಮೇಲೆ ಹೆಂಡತಿ ಬೇಡ ಅಂದಳಂತೆ. ಸಣ್ಣ ಕಾರು, ಬಣ್ಣ ಮಾಸಿದೆ. ಒಳಗೆ ಮ್ಯಾಟಿಲ್ಲ, ಸೀಟ್ ಕವರಿಲ್ಲ, ಹಾಡಿಲ್ಲ, ಏಸಿ ಇಲ್ಲ. ಮುಂದಿನ ಸೀಟು ಎರಡೂ ಗುಣಿಯ ಹಾಗೆ ಆಳ. ಹಿಂದೆ ಬರೀ ತಗಡು.

"ಪುಕ್ಕ ಕಿತ್ತ ಕೋಳಿ ಥರ ಐತಲ್ಲೋ," ಅಂದ ಸಲೀಂ.

"ಇದು ನೋಡೋಕಲ್ಲ ಕಣ್ರೀ, ಓಡ್ಸೋಕೆ," ಅಂದ ಹುಡುಗ.

ಇಂಜಿನ್ ತಣ್ಣಗಿತ್ತು. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಹೊಗೆ ಇಲ್ಲ. ಅವ್ವ ಕೂತಳು, ಕೂತವಳು ಅರ್ಧ ಕಾಣದಾದಳು.

"ಇದೇನೋ, ಸೀಟೇ ತಬ್ಕಂಬುಡ್ತಲ್ಲ."

ದನ ಮೇಯುವ ಕಾವಲಿನ ಕಡೆಗೆ ನಿಧಾನವಾಗಿ ಹೋದೆ, ಮೊಟ್ಟೆ ತುಂಬಿದ ಗಾಡಿ ಓಡಿಸುವವನ ಹಾಗೆ. ಸ್ವಲ್ಪ ದೂರಕ್ಕೇ ಅವ್ವನ ಹಣೆ ಬೆವರಿತು. ಸೆರಗು ಬಾಯಿಗೆ ಹೋಯಿತು. ನನಗೆ ತಲೆ ಕೆಟ್ಟಿತು. ಯಾರ ಮೇಲೆ ಸಿಟ್ಟು ಅಂತ ಕೇಳಬೇಡಿ. ಅವ್ವನ ಮೇಲೆ, ದೊಡ್ಡವ್ವನ ಮೇಲೆ, ಲಿಂಗದಹಳ್ಳಿಗೆ ರೈಲು ಹಾಕದವರ ಮೇಲೆ. ಹೇಗಿದ್ದರೂ ವಾಂತಿ ಮಾಡುತ್ತಾಳೆ, ಬೇಗ ಮಾಡಿ ಮುಗಿಸಲಿ ಅಂತ ಕಾಲು ಅದುಮಿದೆ.

ಕಾರು ತೂಗಾಡಲೇ ಇಲ್ಲ. ತಿರುವಿನಲ್ಲಿ ಅತ್ತಿತ್ತ ವಾಲದೆ, ಗೆರೆ ಎಳೆದ ಹಾಗೆ ಹೋಯಿತು. ಹಿಂದೆ ತಗಡಿನ ಮೇಲೆ ಸಲೀಂ ಮೊರದ ಕಾಳಿನಂತೆ ಹಾರುತ್ತಿದ್ದ. "ಲೇ, ಅಮ್ಮ ಅವ್ರೆ ಕಣೋ, ಅಮ್ಮ ಅವ್ರೆ," ಅನ್ನುತ್ತಿದ್ದ. ಎದುರುಗಾಳಿ ಪೂರ್ತಿ ಅವ್ವನ ಮುಖಕ್ಕೆ. ನೋಡುತ್ತೇನೆ, ಸೆರಗು ಮಡಿಲಿಗೆ ಇಳಿದಿದೆ. ಕಣ್ಣು ರಸ್ತೆಯ ಮೇಲಿದೆ. ಎದುರಿಗೆ ಕುರಿ ಮಂದೆ ಬಂತು ಅಂತ ನಿಧಾನ ಮಾಡಿದರೆ ಅವ್ವ ನನ್ನ ಕಡೆ ತಿರುಗಿದಳು.

"ಯಾಕ್ ನಿಲ್ಲುಸ್ದೆ? ಹಂಗೇ ಹೋಗು."

ಇಳಿಸುವುದು ಮಾತ್ರ ಕಷ್ಟವಾಯಿತು. ನಾನೊಂದು ಕಡೆ ಸಲೀಂ ಒಂದು ಕಡೆ ಹಿಡಿದು ಎಳೆದೆವು. "ಕೆಸರಿಗ್ ಬಿದ್ ಎಮ್ಮೆ ಎತ್ತೋರು ಇನ್ನೂ ಚೆನ್ನಾಗ್ ಎತ್ತಾರೆ," ಅಂದಳು ಅವ್ವ. ಕಾರು ಮನೆಗೆ ಬಂತು. ಅದಕ್ಕೆ ನಾವು ಮಾಡಿದ ಮಾರ್ಪಾಡು ಒಂದೇ. ಅವ್ವ ಹಿಡಿದು ಏಳುವುದಕ್ಕೆ ಬಾಗಿಲ ಮೇಲೆ ಸಲೀಂ ಒಂದು ಕಬ್ಬಿಣದ ಹಿಡಿ ಬೆಸುಗೆ ಹಾಕಿಕೊಟ್ಟ. ಅಗಲ ಚಕ್ರ, ರೆಕ್ಕೆ ಯಾವುದೂ ಇಲ್ಲ. ನನ್ನ ವಯಸ್ಸಿನವರು ನೋಡಿ ನಕ್ಕರು. ಓಡಿಸಿ ತೋರಿಸಿದ ಮೇಲೆ ಕಡಿಮೆ ನಕ್ಕರು.

ಲಿಂಗದಹಳ್ಳಿಯಲ್ಲಿ ದೊಡ್ಡವ್ವ ಮಂಚದ ಮೇಲಿದ್ದಳು. ಮಾತು ಇನ್ನೂ ಪೂರ್ತಿ ಹೋಗಿರಲಿಲ್ಲ. ಅವ್ವನನ್ನು ನೋಡಿ ಒಂದೊಂದೇ ಅಕ್ಷರ ಎಳೆದು ಕೇಳಿದಳು.

"ಬಸ್ಸಾ?"

"ಬಸ್ಸಲ್ಲ ಕಣಕ್ಕ. ನನ್ ಮಗ ಹಾರಿಸ್ಕಂಡ್ ಬಂದ."

"ವಾಂತಿ?"

"ಇಲ್ಲ ಕಣೇ."

ದೊಡ್ಡವ್ವ ನಂಬಲಿಲ್ಲ. ಆಡುವ ಕೈಯಿಂದ ಅವ್ವನ ಕತ್ತು ಬಗ್ಗಿಸಿ ಬಾಯಿ ಮೂಸಿದಳು. ಆಮೇಲೆ ಮುಖದ ಅರ್ಧದಲ್ಲಿ ನಕ್ಕಳು. ಅವ್ವನೂ ನಕ್ಕಳು, ಅತ್ತಳು, ಯಾವುದು ಮೊದಲು ಅಂತ ನಾನು ನೋಡಲಿಲ್ಲ. ಹೊರಗೆ ಹೋಗಿ ಟೈರು ಒದ್ದುಕೊಂಡು ನಿಂತೆ.

ಅಲ್ಲಿಂದ ವಾರ ವಾರ ಹೋದೆವು. ಈ ಸಲದ ಮಳೆ ಹಿಡಿಯುವ ಮೊದಲು ದೊಡ್ಡವ್ವ ಹೋದಳು. ಅವ್ವ ಹತ್ತಿರವೇ ಇದ್ದಳು.

ಆಮೇಲೆ ಕಾರು ನಿಂತಿತು. ನಿಂತಿದ್ದನ್ನು ನೋಡಿದರೆ ನನಗೆ ಮೈ ಪರಚಿಕೊಳ್ಳುವ ಹಾಗಾಗುತ್ತದೆ. ಅವ್ವನಿಗೆ ಇನ್ನೆಲ್ಲಿಗೆ ಹೋಗುವುದಿದೆ, ಇದನ್ನು ಕೊಟ್ಟು ದೊಡ್ಡ ಇಂಜಿನ್ನಿನದು ತಗೊಳ್ಳೋಣ ಅಂತ ಸಲೀಂಗೆ ಹೇಳಿದೆ. ಅವನು ಗಿರಾಕಿ ಹುಡುಕಿದ. ಇವತ್ತು ಬೆಳಿಗ್ಗೆ ಬರುತ್ತೇವೆ ಅಂದಿದ್ದರು. ಕಾರು ಒರೆಸುತ್ತಿದ್ದೆ. ಅವ್ವ ಹೊರಗೆ ಬಂದಳು. ಒಳ್ಳೇ ಸೀರೆ ಉಟ್ಟಿದ್ದಳು. ಬಾಗಿಲು ತೆಗೆದು ಕೂತಳು.

"ಅವ್ವ, ನೋಡೋಕೆ ಬತ್ತಾವ್ರೆ."

"ನಾಳೆ ಬರೋಕೇಳು. ಲಿಂಗದಹಳ್ಳಿ ಕಡೀಕ್ ನಡಿ."

"ದೊಡ್ಡವ್ವನೇ ಇಲ್ವಲ್ಲ ಈಗ?"

"ಅಕ್ಕನ್ ಮನೇಗಲ್ಲ ಕಣೋ. ಅಲ್ಲಿಂದಾಚೆ ರಸ್ತೆ ಬೆಟ್ಟ ಹತ್ತುತ್ತಲ್ಲ, ಅದು ಎಲ್ಲಿಗೋಯ್ತದೆ ಅಂತ ನಾನ್ ಒಂದಿನಾನೂ ನೋಡ್ಲಿಲ್ಲ. ಅಕ್ಕನ್ ಮನೆ ತಂಕ ಹೋಗೋದು, ವಾಪಸ್ ಬರೋದು."

ನಾನು ಸಲೀಂಗೆ ಫೋನ್ ಮಾಡಿ, ಬರುವವರಿಗೆ ನಾಳೆಯೂ ಬೇಡ ಅಂತ ಹೇಳು ಅಂದೆ. ಯಾಕೋ, ಏನಾಯ್ತೋ ಅಂತ ಅವನು ಕೇಳುತ್ತಿದ್ದ. ಹೇಳಲು ಬಾಯಿ ತೆಗೆದೆ. ಅಷ್ಟರಲ್ಲಿ ಅವ್ವ ಕೈ ಚಾಚಿ ಹಾರನ್ ಒತ್ತಿದಳು.