ಕತ್ತಿಯ ಬಾಯಿಗೆ ಒಂದೆಳೆ

ವಿಲ್ಟ್ರೂಡಕ್ಕ ತಮ್ಮ ತಲೆಯಿಂದ ಒಂದು ಕೂದಲು ಕಿತ್ತು, ಬುಡದ ಕಡೆ ಹಿಡಿದು, ಕ್ಷೌರದ ಕತ್ತಿಯ ಬಾಯಿಯ ಮೇಲೆ ಇಳಿಬಿಟ್ಟರು. ಕೂದಲು ಬಾಗಿತೇ ಹೊರತು ತುಂಡಾಗಲಿಲ್ಲ. “ಇನ್ನೂ ಹರಿತ ಬಂದಿಲ್ಲ ಕಣೋ,” ಎಂದು, ನಾನು ಬೆಳಗಿನಿಂದ ಮಸೆದಿದ್ದ ಕತ್ತಿಯನ್ನು ನನ್ನ ಕೈಗೇ ಮರಳಿ ಕೊಟ್ಟರು.

ಕತ್ತಿ-ಚಾಕುಗಳಿಗೆ ಹೆಸರಾದ ಜರ್ಮನಿಯ ಜೋಲಿಂಗನ್ ಊರಿನಲ್ಲಿ ಕ್ಷೌರದ ಕತ್ತಿಗೆ ಕೊನೆಯ ಸಾಣೆ ಹಿಡಿಯುವವರ ಪೈಕಿ ಶ್ರೀಮತಿ ವಿಲ್ಟ್ರೂಡ್ ಪಾಫ್ರಾಥ್ ಅವರ ಸ್ಥಾನ ಯಾವುದೆಂದು ಕೇಳಿದರೆ, ನಮ್ಮ ಕಾರ್ಖಾನೆಯವರು ಅವರ ಕೈಗಿಂತ ಮೊದಲು ಅವರ ಕೂದಲನ್ನು ನೆನೆಯುತ್ತಾರೆ. ಅಷ್ಟು ನವಿರಾದ ಕೂದಲನ್ನು ಕಡಿಯಬಲ್ಲ ಕತ್ತಿ ಯಾರ ಕೆನ್ನೆಯನ್ನೂ ನೋಯಿಸದು. ಆದ್ದರಿಂದ ಎಲ್ಲ ಮೇಜುಗಳ ಕತ್ತಿಗಳೂ ಅವರ ಕೂದಲಿನಿಂದಲೇ ಪರೀಕ್ಷೆಯಾಗಿ ಹೊರಹೋಗುತ್ತಿದ್ದವು. “ನಿಮ್ಮಿಂದ ನನ್ನ ತಲೆ ಬೋಳಾಗುತ್ತೆ ನೋಡ್ರೋ!” ಎಂದು ಬೈಯುತ್ತಲೇ ಅವರು ತಲೆ ಬಾಗಿಸುತ್ತಿದ್ದರು.

ಎದೆಯಲ್ಲಿ ಗಂಟು ಕಾಣಿಸಿಕೊಂಡು ಅವರು ಆಸ್ಪತ್ರೆ ಸೇರಿದ ಚಳಿಗಾಲದಲ್ಲಿ, ನಾವು ಮೇಸ್ತ್ರಿ ಎವಾಲ್ಡ್ ಅವರ ಕೂದಲನ್ನು ಬಳಸಿದೆವು. ಒಂದು ಕತ್ತಿಯೂ ಸೋಲಲಿಲ್ಲ. “ನೋಡ್ರಪ್ಪಾ, ನನ್ನ ಕಾಲದಲ್ಲಿ ಎಲ್ಲಾ ಪಾಸು!” ಎಂದು ಮೇಸ್ತ್ರಿ ಬೀಗುತ್ತಿರುವಾಗಲೇ ಕಲೋನ್ ನಗರದ ಕ್ಷೌರಿಕರೊಬ್ಬರು ಕತ್ತಿಗಳ ಪೆಟ್ಟಿಗೆಯನ್ನೇ ಹಿಂದಕ್ಕೆ ತಂದು ಕುಕ್ಕಿದರು.

“ಇದು ಬೋಳಿಸಲ್ಲ ಸ್ವಾಮಿ, ಕೀಳುತ್ತೆ. ಗಿರಾಕಿ ಕಣ್ಣಲ್ಲಿ ನೀರು ಬಂತು.”

ದಪ್ಪ ಕೂದಲನ್ನು ಮೊಂಡು ಕತ್ತಿಯೂ ಕಡಿಯುತ್ತದೆಂಬುದು ನಮಗೆ ತಿಳಿಯದ ಸಂಗತಿಯಲ್ಲ. ಮೇಸ್ತ್ರಿಯ ಕೂದಲು ಕುದುರೆಬಾಲದಷ್ಟು ದಪ್ಪವೆಂದು ಹೇಳುವ ಧೈರ್ಯ ಮಾತ್ರ ಯಾರಿಗೂ ಇರಲಿಲ್ಲ.

ಸುದ್ದಿ ಆಸ್ಪತ್ರೆಗೆ ಮುಟ್ಟಿತು. ಮರುದಿನ ವಿಲ್ಟ್ರೂಡಕ್ಕನ ತಂಗಿ ಕಾಗದದ ಪೊಟ್ಟಣವೊಂದನ್ನು ತಂದುಕೊಟ್ಟರು. ಔಷಧಿಗೆ ಉದುರಿಹೋಗುವ ಮುನ್ನ ಅಕ್ಕ ತಾವೇ ಕತ್ತರಿಸಿಕೊಂಡ ಜಡೆ ಅದರಲ್ಲಿತ್ತು. ಬುಡ ಯಾವುದು, ತುದಿ ಯಾವುದು ಎಂದು ನಮಗೆ ಗೊಂದಲವಾಗದಿರಲೆಂದು ಬುಡಕ್ಕೆ ಕೆಂಪು ದಾರ ಕಟ್ಟಿದ್ದರು. ಅದರಿಂದ ಒಂದೊಂದೇ ಎಳೆ ತೆಗೆದು ಕೆಲಸ ನಡೆಸಿದೆವು. ಜಡೆ ತೆಳುವಾದಂತೆಲ್ಲ ಒಬ್ಬರ ಮುಖ ಒಬ್ಬರು ನೋಡುವುದನ್ನು ಬಿಟ್ಟೆವು.

ಬೇಸಿಗೆಯಲ್ಲಿ ಅವರು ತಲೆಗೆ ವಸ್ತ್ರ ಕಟ್ಟಿ ಬಂದು ಕುಳಿತರು. ಅಂದಿನಿಂದ ನಿವೃತ್ತಿಯವರೆಗೆ, ತಮ್ಮ ಕೂದಲು ಮತ್ತೆ ಬೆಳೆದ ಮೇಲೂ, ಅದನ್ನು ಯಾರಿಗೂ ಕೊಡಲಿಲ್ಲ. ನಮ್ಮನಮ್ಮ ಕೂದಲಿನಿಂದಲೇ ಅಲಗನ್ನು ಅಳೆಯುವುದನ್ನು ತಾಳ್ಮೆಯಿಂದ ಕಲಿಸಿದರು. “ನಿನ್ನ ಕೂದಲು ಎಷ್ಟು ಸುಳ್ಳು ಹೇಳುತ್ತೆ ಅಂತ ಮೊದ್ಲು ತಿಳ್ಕೊ. ಆಮೇಲೆ ನಂಬು,” ಎನ್ನುತ್ತಿದ್ದರು.

ಅವರಿಗೆ ದೀರ್ಘವಾದ, ನೋವಿಲ್ಲದ ಆಯುಷ್ಯವಿರಲಿ, ಮನೆಯ ಕಿಟಕಿಯ ಬಳಿ ಹಾಕಿಕೊಂಡಿರುವ ಸಾಣೆಕಲ್ಲು ಒಣಗದಿರಲಿ ಎಂದು ಹಾರೈಸುತ್ತೇನೆ.

ಬೀಳ್ಕೊಡುಗೆಯ ದಿನ ಮೇಸ್ತ್ರಿ, ವಿಲ್ಟ್ರೂಡಕ್ಕನ ಹೆಸರು ಕೆತ್ತಿಸಿದ ಬೆಳ್ಳಿಯ ಕರಡಿಗೆಯೊಂದನ್ನು ಮುಂದಿಟ್ಟರು. ಒಳಗೆ ಏನೂ ಇರಲಿಲ್ಲ.

“ಒಂದು ಹಿಡಿ ಕೂದಲು ಕೊಟ್ಟು ಹೋಗಮ್ಮ. ಇದು ಮೇಜಿನ ಮೇಲೇ ಇರುತ್ತೆ, ನಿನ್ನ ಹೆಸರಲ್ಲಿ. ನೀನು ಹೋದ್ಮೇಲೆ ಮತ್ತೆ ಕತ್ತಿ ವಾಪಸ್ ಬಂದ್ರೆ ನಾವೇನ್ ಮಾಡೋಣ?”

ವಿಲ್ಟ್ರೂಡಕ್ಕ ನಮ್ಮನ್ನೆಲ್ಲ ಒಂದು ಸಲ ನೋಡಿದರು. ಕರಡಿಗೆಯ ಮುಚ್ಚಳ ಹಾಕಿ ಮೇಸ್ತ್ರಿಯ ಕಡೆ ತಳ್ಳಿದರು.

“ಕೊಡಲ್ಲ,” ಎಂದರು.